ಖಾಲಿ ಮಗ್ಗದ ಮೇಲೊಂದು ವೀಳ್ಯ

ಕೊಳ್ಳೇಗಾಲ
16-2-1964

ಮನೆಯ ಯಜಮಾನರಿಗೆ ಅನಸೂಯ ಮಾಡುವ ನಮಸ್ಕಾರ.

ಇಲ್ಲಿ ನಾನೂ ಅತ್ತೆಯವರೂ ಚೆನ್ನಾಗಿದ್ದೇವೆ. ಕಂಚಿಯಲ್ಲಿ ನೀವು ಚೆನ್ನಾಗಿರುವುದಾಗಿ ಹಿಂದಿನ ಕಾಗದದಲ್ಲಿ ಬರೆದಿದ್ದಿರಿ. ಆ ಕಾಗದ ಬಂದದ್ದು ದೀಪಾವಳಿಗೆ. ಈಗ ಶಿವರಾತ್ರಿಯೂ ಕಳೆಯಿತು. ನಡುವಿನ ದಿನಗಳಲ್ಲಿ ನೀವು ಹೇಗಿದ್ದಿರಿ ಎಂಬುದನ್ನು ನಾನೇ ಊಹೆ ಮಾಡಿಕೊಳ್ಳಬೇಕು. ಮಾಡಿಕೊಳ್ಳುತ್ತಲೇ ಇದ್ದೇನೆ.

ಒಂದು ವಿಷಯ ಕೇಳಬೇಕಿತ್ತು. ಸುತ್ತಿ ಬಳಸಿ ಹೇಳಿದರೆ ನಿಮಗೆ ಸಿಟ್ಟು, ನೇರವಾಗಿ ಹೇಳಿದರೂ ಸಿಟ್ಟು. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಕಸುಬಿನವರ ಸಂಘದ ಮಾತು ಮತ್ತೆ ಎದ್ದಿದೆ. ಎಬ್ಬಿಸಿದವರು ಮುಳ್ಳೂರಿನ ಶಿವರುದ್ರಸ್ವಾಮಿ ಮೇಷ್ಟ್ರು. ಸ್ಕೂಲಿನಿಂದ ರಿಟೈರಾದ ಮೇಲೆ ಸೈಕಲ್ಲು ತುಳಿದುಕೊಂಡು ಊರೂರು ಸುತ್ತುತ್ತಿದ್ದಾರೆ. ನೀವು ಹೇಳುತ್ತಿದ್ದ ಮಾತುಗಳನ್ನೇ ಅವರೂ ಹೇಳುತ್ತಾರೆ. ಸ್ವಂತ ಕೈಯಿಂದ ದುಡಿಯುವವರು ಯಾರಾದರೂ ಚಂದಾ ಕಟ್ಟಿ ಸೇರಬಹುದು. ಲಾಭ ಹಂಚಿಕೊಳ್ಳುವ ಮಾತಿಲ್ಲ. ಸಂತೆಯಲ್ಲಿ ಎಲ್ಲರ ಮಾಲಿಗೂ ಒಂದು ಜಾಗ, ಕಛೇರಿಯಲ್ಲಿ ಎಲ್ಲರ ಪರವಾಗಿ ಒಂದು ಅರ್ಜಿ. ಯಳಂದೂರಿನ ಬಿಳಿಗಿರಿ ಒಪ್ಪಿದ್ದಾನೆ. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ನಮ್ಮ ಸೀಮೆಗೆಲ್ಲ ಹೆಣೆದು ಕೊಡುತ್ತಾನಲ್ಲ, ಅವನೇ. ಒಂಟಿಯಾಗಿ ಕೇಳಿದರೆ ಅವನಿಗೆ ಕಾಡಿನಿಂದ ಬಿದಿರು ತರಲು ಪಾಸು ಸಿಕ್ಕುತ್ತಿಲ್ಲ. ಮುಳ್ಳೂರಿನ ಕುಂಬಾರ ಚಿಕ್ಕಬಸಮ್ಮನಿಗೆ ಕೆರೆಯ ಮಣ್ಣು ಬೇಕು. ನಮ್ಮ ಬೀದಿಯವರಿಗೆ ಸಾಹುಕಾರರ ಕೈ ನೋಡದೆ ನೂಲು ಬೇಕು.

ಸಭೆಗೆ ಅಮಾವಾಸ್ಯೆಯೇ ಸರಿ ಎಂದಾಯಿತು, ಅಂದು ಹೇಗೂ ಯಾವ ಮಗ್ಗವೂ ಆಡುವುದಿಲ್ಲ. ಆದರೆ ಜಾಗ ಎಲ್ಲಿದೆ? ನಮ್ಮ ಬೀದಿಯ ಪಡಸಾಲೆಗಳಲ್ಲಿ ಮಗ್ಗ ಬಿಟ್ಟರೆ ಮನುಷ್ಯರಿಗೆ ಜಾಗವಿಲ್ಲ. ಮಗ್ಗದ ಮೇಲೆ ರೇಷ್ಮೆ ಎಳೆಗಳ ಹಾಸು ಬಿಗಿದಿರುವಾಗ ಹತ್ತು ಜನರನ್ನು ಅದರ ಪಕ್ಕ ಕೂರಿಸಿಕೊಳ್ಳಲು ಯಾರಿಗೂ ಧೈರ್ಯ ಸಾಲದು. ಹಾಸಿಲ್ಲದ ಮಗ್ಗ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಆದ್ದರಿಂದ ನನ್ನನ್ನು ಕೇಳಿದ್ದಾರೆ. ನಿಮ್ಮನ್ನು ಕೇಳದೆ ಹೂಂ ಅನ್ನಲು ನನಗೆ ಮನಸ್ಸಿಲ್ಲ.

ಎರಡು ವರ್ಷದ ಹಿಂದೆ ಆದದ್ದು ನನಗೂ ಮರೆತಿಲ್ಲ. ನೀವು ಮನೆಮನೆಗೆ ಹೋಗಿ ವೀಳ್ಯ ಕೊಟ್ಟು ಸಭೆಗೆ ಕರೆದಿರಿ. ಎಲ್ಲರೂ ಎಲೆ ತೆಗೆದುಕೊಂಡರು, ಒಬ್ಬರೂ ಬರಲಿಲ್ಲ. ಬೀದಿಯವರು ಸಾಹುಕಾರರಿಗೆ ಹೆದರಿದರು. ಮಿಕ್ಕವರು ಏಕೆ ಬರಲಿಲ್ಲ ಎಂದು ನಾನು ಅಂದೇ ಹೇಳಿದ್ದೆ. ಬೆಳಿಗ್ಗೆ ನೇಯುವವರ ಮನೆಗಳಿಗೆ ಹಸಿ ಎಲೆ ಕೊಟ್ಟು, ಕಡೆಗೆ ಕುಂಬಾರರಿಗೂ ಮೇದರಿಗೂ ಬಾಡಿದ ಎಲೆ ಕೊಟ್ಟು ಬಂದಿರಿ. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. "ನನ್ ಎಲೆ ತಿಂದು ಬರ್ದೇ ಇದ್ದೋರ ಬೀದೀಲಿ ಇನ್ನು ಮಗ್ಗ ಆಡ್ಸಾಕಿಲ್ಲ" ಎಂದು ಹೊರಟೇ ಬಿಟ್ಟಿರಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಆ ಮೂಗು ನಿಮ್ಮದಲ್ಲ, ನನ್ನದು.

ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ನೀವು ಬಿಟ್ಟುಹೋದ ಹಳೆಯ ಹಾಸಿನ ತುದಿ ಹಾಗೆಯೇ ಇದೆ. ಬೀದಿಯ ಎಲ್ಲ ಮಗ್ಗಗಳಿಗೂ ಹೋಗಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸ ಎಳೆಯನ್ನು ಹಳೆಯ ಎಳೆಗೆ ಹೊಸೆದು ಕೆಚ್ಚಿ ಬರುತ್ತೇನೆ. ಅದೇ ನನ್ನ ಅನ್ನ. ಮನೆಗೆ ಬಂದು ನಮ್ಮ ಮಗ್ಗದ ಮುಂದೆ ಸುಮ್ಮನೆ ಕೂರುತ್ತೇನೆ. ಊಟವಾದ ಮೇಲೆ ಯಾರಿಗೂ ಎಲೆ ಮಡಿಸಿ ಕೊಡುವುದಿಲ್ಲ. ಸುಣ್ಣ ಜಾಸ್ತಿಯಾಯಿತು, ಬಾಯಿ ಸುಟ್ಟಿತು ಎಂದು ಬೈಯುವವರೂ ಇಲ್ಲ.

ಜಾಗ ಕೊಡಲೋ ಬೇಡವೋ ಬರೆಯಿರಿ.

ಇಂತಿ ನಿಮ್ಮ
ಅನಸೂಯ


ಕಂಚಿ
4-3-1964

ಚಿ. ಸೌ. ಅನಸೂಯಳಿಗೆ,

ಕಾಗದ ತಲುಪಿತು. ಜಾಗ ಕೊಡುವುದಾದರೆ ಕೊಡು. ಮನೆ ನಿನ್ನದೂ ಹೌದು. ನನ್ನ ಹೆಸರು ಮಾತ್ರ ಅಲ್ಲಿ ಎತ್ತಕೂಡದು.

ಬಾಡಿದ ಎಲೆಯ ಮಾತು ಮತ್ತೆ ಬರೆದಿದ್ದೀಯ. ಎಲ್ಲರಿಗೂ ಒಂದೇ ಕಟ್ಟಿನ ಎಲೆ ಕೊಟ್ಟೆ. ಬಿಸಿಲು ನಾನು ಮಾಡಿದ್ದಲ್ಲ. ಎಲೆ ಕೈಗೆ ತೆಗೆದುಕೊಂಡ ಮೇಲೆ ಬರಬೇಕು, ಬರದವನು ತೆಗೆದುಕೊಳ್ಳಬಾರದು. ನಮ್ಮಪ್ಪನ ಕಾಲದಿಂದಲೂ ಇರುವ ಮಾತು ಇದು. ನಾನು ತಿರುಗಿ ಬರಬೇಕಾದರೆ ಅವರು ಎಲ್ಲರೂ ಕೂತ ಸಭೆಯಲ್ಲಿ ಮೊದಲ ವೀಳ್ಯ ನನಗೆ ಎತ್ತಿಡಲಿ. ಆಗ ನೋಡೋಣ.

ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಎರಡು ಅಂಚಿನ ಸೀರೆಗೆ ಇಬ್ಬರು ಕೂರಬೇಕಲ್ಲ, ನನ್ನ ಎಡಗಡೆ ಒಬ್ಬ ಮುದುಕನನ್ನು ಕೂರಿಸಿದ್ದಾರೆ. ಒಳ್ಳೆಯವನೇ. ಲಾಳಿ ದಾಟಿಸುವಾಗ ಪ್ರತಿ ಸಲವೂ ಕೆಮ್ಮುತ್ತಾನೆ. ನೀನು ಕೂತಿದ್ದಾಗ ಲಾಳಿ ಬಂದದ್ದು ಗೊತ್ತಾಗುತ್ತಿರಲಿಲ್ಲ.

ಅವ್ವನಿಗೆ ಮೊಣಕಾಲಿಗೆ ಎಣ್ಣೆ ಹಚ್ಚು.

ಸಿದ್ದಯ್ಯ


ಕೊಳ್ಳೇಗಾಲ
18-4-1964

ಯಜಮಾನರಿಗೆ ನಮಸ್ಕಾರ.

ನೀವು ಕೇಳಿದ್ದು ನಿಮಗೆ ಸಿಕ್ಕಿತು. ಹೇಗೆ ಸಿಕ್ಕಿತು ಎಂದು ಓದಿ ನಗಬೇಡಿ.

ಯುಗಾದಿ ಹಿಂದಿನ ಅಮಾವಾಸ್ಯೆಯ ಮಧ್ಯಾಹ್ನ ಸಭೆ. ಪಡಸಾಲೆ ಸಾರಿಸಿ ಚಾಪೆ ಹಾಸಿದ್ದೆ. ಬಿಳಿಗಿರಿಯ ಕಡೆಯವರು ಯಳಂದೂರಿನಿಂದ ಗಾಡಿಯಲ್ಲಿ ಬಂದರು. ಚಿಕ್ಕಬಸಮ್ಮ ಒಂದು ಹೊಸ ಮಡಕೆ ಹೊತ್ತುಕೊಂಡು ಬಂದು, ನೀರು ತುಂಬಿಸಿ ಸಭೆಗೆಂದು ಇಟ್ಟಳು. ಬೀದಿಯವರು ಗೋಡೆಗೆ ಒರಗಿಕೊಂಡು ಕೂತರು, ಹಿರಿಯರೆಂದು ದೇವಣ್ಣ ಮಾವ ಮುಂದೆ. ವೀಳ್ಯವೇ ಬೇಡ, ಎಲ್ಲರಿಗೂ ಅಚ್ಚು ಹಾಕಿಸಿದ ಕರಪತ್ರ ಕೊಟ್ಟಿದ್ದೇವಲ್ಲ ಎಂದು ಮೇಷ್ಟ್ರು ಹೇಳಿ ನೋಡಿದರು. ಎಲೆಯಿಲ್ಲದೆ ಕೂತರೆ ಅದು ಸಭೆಯೇ ಅಲ್ಲ, ಬಸ್ಸಿಗೆ ಕಾದ ಹಾಗೆ ಎಂದರು ಎಲ್ಲರೂ. ಸರಿ, ತಟ್ಟೆ ಬಂತು. ಮೊದಲು ಯಾರಿಗೆ? ಅಲ್ಲಿಗೆ ಸಂಘ ನಿಂತಿತು.

ನೇಯುವವರ ಬೀದಿಯಲ್ಲಿ ಸಭೆ, ಮೊದಲ ಎಲೆ ನೇಯುವವರಿಗೆ ಎಂದರು ದೇವಣ್ಣ ಮಾವ. ಚಂದ್ರಿಕೆ ಇಲ್ಲದಿದ್ದರೆ ಗೂಡು ಎಲ್ಲಿ ಕಟ್ಟುತ್ತಿತ್ತು ಎಂದ ಬಿಳಿಗಿರಿ. ಗೂಡನ್ನು ಬೇಯಿಸುವ ಮಡಕೆ ಇಲ್ಲದಿದ್ದರೆ ನೂಲು ಬಿಚ್ಚುವುದು ಹೇಗೆ ಎಂದಳು ಚಿಕ್ಕಬಸಮ್ಮ. ಎಲ್ಲರ ಮಾತೂ ನಿಜವೇ, ಅದೇ ಕಷ್ಟ. ವಯಸ್ಸಿನ ಪ್ರಕಾರ ಕೊಡೋಣ ಎಂದರು ಮೇಷ್ಟ್ರು. ದೇವಣ್ಣ ಮಾವ ಮೀಸೆ ಸವರಿಕೊಂಡರು. ಹಾಗಾದರೆ ನಮ್ಮ ಅವ್ವ ಯಳಂದೂರಿನಲ್ಲಿದ್ದಾಳೆ, ಗಾಡಿ ಕಳಿಸಿ ಕರೆಸುತ್ತೇನೆ ಎಂದ ಬಿಳಿಗಿರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಿಳಿಗಿರಿಯ ಕಡೆಯವರು ಎದ್ದು ಟವಲು ಕೊಡವಿಕೊಂಡರು.

ಆಗ ಚಿಕ್ಕಬಸಮ್ಮ ಕೇಳಿದಳು, ಈ ಸಂಘ ಆಗಬೇಕು ಎಂದು ಮೊದಲು ಬಾಯಿಬಿಟ್ಟವರು ಯಾರು ಎಂದು. ಎಲ್ಲರೂ ನನ್ನ ಕಡೆ ನೋಡಿದರು. ನಿಮ್ಮ ಹೆಸರನ್ನು ನಾನು ಹೇಗೆ ಹೇಳಲಿ? ಒಲೆಯ ಮುಂದಿನಿಂದ ಅತ್ತೆ "ನನ್ ಮಗ" ಎಂದರು. ಚಿಕ್ಕಬಸಮ್ಮ ತಟ್ಟೆಯಿಂದ ಎರಡು ಎಲೆ ಒಂದು ಅಡಿಕೆ ಎತ್ತಿಕೊಂಡು ಹೋಗಿ ನಿಮ್ಮ ಮಗ್ಗದ ಮೇಲೆ, ನೀವು ಕೂರುವ ಬಲಬದಿಗೆ, ಇಟ್ಟುಬಿಟ್ಟಳು.

"ಇಲ್ದೇ ಇರೋರ್ಗೆ ಕೊಟ್ರೆ ಯಾರ್ಗೂ ನೋಯಾಕಿಲ್ಲ ಕಣ್ರಪ್ಪ. ಇನ್ನು ಮಿಕ್ಕುದ್ದ ಯಾರ್ ಕೈಗೆ ಸಿಕ್ತದೋ ಅವ್ರು ತಕಳಿ" ಎಂದಳು.

ಬಿಳಿಗಿರಿಯವರು ಕೂತರು, ಎಲೆ ಹಂಚಿದ್ದಾಯಿತು, ಸಂಘವೂ ಆಯಿತು. ಕೊಳ್ಳೇಗಾಲ ಸೀಮೆಯ ಕೈಕಸುಬಿನವರ ಸಂಘ ಎಂದು ಹೆಸರು. ಮಗ್ಗ ಆಡಿಸದ ನನ್ನನ್ನು ಯಾವ ಕಸುಬಿಗೆ ಸೇರಿಸುವುದು ಎಂದು ದೇವಣ್ಣ ಮಾವ ಕೇಳಿದರು. ನಿಮ್ಮ ಮಗ್ಗಕ್ಕೆ ಹಾಸು ಕೆಚ್ಚುವವರು ಯಾರು ಎಂದು ಮೇಷ್ಟ್ರು ಕೇಳಿದ ಮೇಲೆ ಅವರೇ ನನ್ನ ಹೆಸರು ಬರೆಸಿದರು. ಈಗ ನಾನೂ ಸದಸ್ಯೆ.

ಎಲ್ಲರೂ ಕೂತ ಸಭೆಯಲ್ಲಿ ಮೊದಲ ವೀಳ್ಯ ಎಂದು ನೀವು ಬರೆದಿದ್ದಿರಿ. ಅದು ಆಯಿತು. ಇನ್ನು ಬನ್ನಿ. ಸಂಜೆ ಬಸ್ಸಿನ ಸದ್ದು ಕೇಳಿದಾಗ ನಾನು ಬಾಗಿಲಿಗೆ ಹೋಗಿ ನಿಲ್ಲುವುದನ್ನು ಅತ್ತೆ ನೋಡಿಯೂ ನೋಡದವರಂತೆ ಇರುತ್ತಾರೆ.

ನಿಮ್ಮ ದಾರಿ ನೋಡುತ್ತಿರುವ
ಅನಸೂಯ


ಕಂಚಿ
20-5-1964

ಚಿ. ಸೌ. ಅನಸೂಯಳಿಗೆ,

ಕಾಗದವನ್ನು ಎರಡು ಸಲ ಓದಿದೆ. ಎಲೆ ಇಟ್ಟಾಗ ದೇವಣ್ಣ ದೊಡ್ಡಪ್ಪ ಏನೂ ಅನ್ನಲಿಲ್ಲವೇ? ಮುಖ ಹೇಗಿತ್ತು? ಈ ಅಮಾವಾಸ್ಯೆಗೂ ಇಟ್ಟರೇ? ಬರೆ.

ಇಲ್ಲಿಯ ಮುದುಕನಿಗೂ ಹೇಳಿದೆ. ತನ್ನ ಜೀವಮಾನದಲ್ಲಿ ತಾನಿಲ್ಲದ ಜಾಗದಲ್ಲಿ ಯಾರೂ ತನ್ನ ಹೆಸರನ್ನೇ ಎತ್ತಿಲ್ಲ, ನಿನಗೆ ಎಲೆಯೇ ಇಟ್ಟಿದ್ದಾರಲ್ಲಪ್ಪ ಎಂದು ಹೊಟ್ಟೆಕಿಚ್ಚುಪಟ್ಟ.

ಈಗಲೇ ಬರಲಾಗುವುದಿಲ್ಲ. ಮಗ್ಗದ ಮೇಲೆ ಬೇರೆಯವರ ಹಾಸಿದೆ, ಅರ್ಧಕ್ಕೆ ಬಿಡಬಾರದು. ದೀಪಾವಳಿಯ ಹೊತ್ತಿಗೆ ಬರುತ್ತೇನೆ.

ಸಿದ್ದಯ್ಯ


ಕೊಳ್ಳೇಗಾಲ
9-9-1964

ಯಜಮಾನರಿಗೆ ಅನಸೂಯಳ ನಮಸ್ಕಾರ.

ಪ್ರತಿ ಅಮಾವಾಸ್ಯೆಯೂ ಎಲೆ ಇಡುತ್ತಿದ್ದಾರೆ. ಈಗ ಯಾರೂ ನೆನಪಿಸಬೇಕಾಗಿಲ್ಲ, ಬಂದವರು ಕೈಕಾಲು ತೊಳೆದುಕೊಂಡು ಮೊದಲು ಮಗ್ಗದ ಹತ್ತಿರ ಹೋಗುತ್ತಾರೆ. ಹೋದ ತಿಂಗಳು ಯಾರೋ ಎಲೆಯ ಪಕ್ಕ ಒಂದು ಹೂವನ್ನೂ ಇಟ್ಟಿದ್ದರು. ನೋಡಿದ ಕೂಡಲೇ ತೆಗೆದುಬಿಟ್ಟೆ. ಎಲೆ ಅಡಿಕೆಯನ್ನು ಮಾರನೇ ಬೆಳಿಗ್ಗೆ ಅತ್ತೆ ಜಗಿಯುತ್ತಾರೆ, ಮಗನ ಪಾಲು ತಾಯಿಗೆ ಎನ್ನುತ್ತಾ.

ಸಂಘ ಚೆನ್ನಾಗಿ ನಡೆಯುತ್ತಿದೆ. ಬಿಳಿಗಿರಿಗೆ ಬಿದಿರಿನ ಪಾಸು ಸಿಕ್ಕಿತು. ಒಬ್ಬನೇ ಹೋಗುತ್ತಿದ್ದಾಗ ಹೊರಗೆ ನಿಲ್ಲಿಸುತ್ತಿದ್ದರಂತೆ. ಸಂಘದ ಮೊಹರು ಒತ್ತಿದ ಅರ್ಜಿ ಹಿಡಿದು ಹೋದಾಗ ಕುರ್ಚಿ ತೋರಿಸಿದರಂತೆ. ಕೂರಲು ಹೆದರಿಕೆಯಾಗಿ ನಿಂತೇ ಮಾತಾಡಿ ಬಂದೆ ಎಂದು ಹೇಳಿ ನಗಿಸಿದ. ಚಿಕ್ಕಬಸಮ್ಮನಿಗೆ ಕೆರೆಯ ಮಣ್ಣು ತೆಗೆಯಲು ಪಂಚಾಯಿತಿಯವರು ಒಪ್ಪಿದ್ದಾರೆ. ಸಂತೆಯಲ್ಲಿ ನಮ್ಮದೇ ಒಂದು ಚಪ್ಪರ. ನೂಲನ್ನು ಸಂಘವೇ ಒಟ್ಟಿಗೆ ತರಿಸುತ್ತದೆ. ನೀವು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಇದನ್ನು ಬರೆಯುವಾಗ ನನಗೆ ಎಷ್ಟು ಸಂತೋಷ ಎಂದು ನಿಮಗೆ ಗೊತ್ತಾಗಬೇಕು. ಸಂಘಕ್ಕಾಗಿ ನಾನು ಸಾರಿಸಿದ್ದು, ಗುಡಿಸಿದ್ದು, ಕಾಗದ ಬರೆದದ್ದು ಯಾವುದೂ ಬಿದಿರಿಗಲ್ಲ, ಮಣ್ಣಿಗಲ್ಲ. ಇಲ್ಲಿ ನಿಮಗೆ ನೂಲು ಸಿಕ್ಕಿದರೆ ನೀವು ಬಂದೀರಿ ಎಂದು.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ದೀಪಾವಳಿಗೆ ನೀವು ಬರುತ್ತೀರಿ ಎಂದು ಹೋದ ಸಭೆಯಲ್ಲಿ ಹೇಳಿದೆ. ಎಲ್ಲರೂ ಸಂತೋಷ ಎಂದರು. ಎಂದ ಮೇಲೆ ಒಬ್ಬೊಬ್ಬರೂ ಮಗ್ಗದ ಮೇಲಿನ ಎಲೆಯ ಕಡೆ ನೋಡಿದರು. ಎಲ್ಲರೂ ಹೋದ ಮೇಲೆ ದೇವಣ್ಣ ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತಾ ನಿಂತರು.

"ಅವ್ನು ಬಂದ್ ಕೂತ್ಕಂಡ್ರೆ ಮೊದಲ್ನೇ ಎಲೆ ನೇಯೋರ್ಗೆ ಹೋದಂಗಾಯ್ತದೆ ಕಣವ್ವ. ಬಿಳಿಗಿರಿ ಕಡೆಯೋರು ಆಮೇಕೆ ಕೂರ್ತಾರಾ?" ಎಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ಭಯ.

ಕಾಯುತ್ತಿರುವ
ಅನಸೂಯ


ಕಂಚಿ
14-10-1964

ಚಿ. ಸೌ. ಅನಸೂಯಳಿಗೆ,

ಹಬ್ಬದ ಹಿಂದಿನ ದಿನ ಸಂಜೆಯ ಬಸ್ಸಿಗೆ ಬರುತ್ತೇನೆ. ದೇವಣ್ಣ ದೊಡ್ಡಪ್ಪನಿಗೂ ಒಂದು ಕಾಗದ ಹಾಕಿದ್ದೇನೆ, ಅವರಿಗೂ ಗೊತ್ತಿರಲಿ. ನಿನಗೆ ಇಲ್ಲಿಯದೊಂದು ಸೀರೆ ತರೋಣ ಎಂದಿದ್ದೆ. ನೇಯುವವನ ಹೆಂಡತಿಗೆ ಬೇರೆಯವರು ನೇಯ್ದ ಸೀರೆಯೇ ಎಂದು ಮುದುಕ ನಕ್ಕ. ಬಿಟ್ಟೆ.

ಸಿದ್ದಯ್ಯ


ಕಂಚಿ
12-11-1964

ಚಿ. ಸೌ. ಅನಸೂಯಳಿಗೆ,

ಹಬ್ಬಕ್ಕೆ ಬರಲಿಲ್ಲ. ನೀನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆಯೋ ಏನೋ. ಹೋಗಿರುತ್ತೀಯ.

ದೇವಣ್ಣ ದೊಡ್ಡಪ್ಪ ಉತ್ತರ ಬರೆಸಿದ್ದರು. ಬರಬೇಡ ಎಂದೇನೂ ಇಲ್ಲ. ನಿನ್ನ ಎಲೆಯ ಮೇಲೆ ಈ ಸಂಘ ಕೂತಿದೆ, ನೀನು ಎದುರಿಗೆ ಬಂದರೆ ಏನಾಗುತ್ತದೋ ಗೊತ್ತಿಲ್ಲ, ಬುದ್ಧಿವಂತ ನೀನು, ಯೋಚನೆ ಮಾಡು ಎಂದಿತ್ತು. ಯೋಚನೆ ಮಾಡಿದೆ. ನಾನು ಕಂಡ ಕನಸು ಅದು. ನಾನಿದ್ದಾಗ ಆಗಲಿಲ್ಲ, ಇಲ್ಲದಿರುವಾಗ ಆಗಿದೆ. ನಾನು ಬಂದು ಅದನ್ನು ಒಡೆಯಲೇ? ಊರಿನವರು ನನ್ನ ಹೆಸರಿಗೆ ಒಂದು ಎಲೆ ಎತ್ತಿಡುತ್ತಾರೆ, ಸಾಕು. ಎಲ್ಲರಿಗೂ ಸಿಕ್ಕುವ ಭಾಗ್ಯವಲ್ಲ ಅದು.

ನೀನು ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಇನ್ನೊಂದು ಹಾಸು ನೇಯಲು ಒಪ್ಪಿಕೊಂಡಿದ್ದೇನೆ.

ಸಿದ್ದಯ್ಯ


ಕೊಳ್ಳೇಗಾಲ
19-11-1964

ಯಜಮಾನರಿಗೆ.

ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಹೂ ಮುಡಿದುಕೊಂಡು ಹೋಗಿದ್ದೆ. ಕೊನೆಯ ಬಸ್ಸಿನಿಂದ ಇಳಿದವರೆಲ್ಲ ಮನೆ ಸೇರಿದ ಮೇಲೆ ಕಂಡಕ್ಟರು ಯಾರಮ್ಮ ಬರಬೇಕಿತ್ತು ಎಂದು ಕೇಳಿದ. ಅವನಿಗೂ ನಿಮ್ಮ ಹೆಸರು ಹೇಳಲಾಗಲಿಲ್ಲ. ಮಾರನೇ ದಿನ ಅಮಾವಾಸ್ಯೆ, ಹಬ್ಬ. ಹಬ್ಬವಾದರೂ ನಾಲ್ಕು ಜನ ಬಂದು ಮಗ್ಗದ ಮೇಲೆ ಎಲೆ ಇಟ್ಟು ಹೋದರು. ಅವರ ಮುಖದಲ್ಲಿ ಒಂದು ನೆಮ್ಮದಿ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ನೀವು ಬರೆದದ್ದನ್ನು ಓದಿದೆ. ಎಲ್ಲರಿಗೂ ಸಿಕ್ಕುವ ಭಾಗ್ಯವಲ್ಲ ಎಂದಿದ್ದೀರಿ. ತಿಂಗಳಿಗೊಮ್ಮೆ ಎಲೆ ಅಡಿಕೆ ಇಡಿಸಿಕೊಳ್ಳುವವರು ದೇವರು, ಇಲ್ಲವೇ ಸತ್ತವರು. ನೀವು ಯಾವುದಾಗಲು ಹೊರಟಿದ್ದೀರಿ? ಊರಿಗೆ ಒಂದು ದೇವರು ಹೆಚ್ಚಾದರೆ ಊರಿಗೆ ಸಂತೋಷವೇ. ನನಗೆ ದೇವರು ಬೇಡ, ಗಂಡ ಬೇಕು. ಸುಣ್ಣ ಜಾಸ್ತಿಯಾಯಿತು ಎಂದು ಬೈಯುವ ಗಂಡ ಬೇಕು. ಎರಡೂವರೆ ವರ್ಷದಿಂದ ನಾನು ನಿಮ್ಮನ್ನು ಎಷ್ಟು ನೆನೆಸಿಕೊಂಡಿದ್ದೇನೆ ಎಂದರೆ ನಿಮ್ಮ ಮುಖ ಈಗ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಬೆನ್ನು ನೆನಪಿದೆ, ಎಡಗಡೆಯಿಂದ ಕಾಣುತ್ತಿದ್ದ ಭುಜ ನೆನಪಿದೆ.

ಸಂಘ ಒಡೆದರೆ ಒಡೆಯಲಿ ಎಂದು ನಾನೂ ಹೇಳಲಾರೆ. ಬಿಳಿಗಿರಿಯ ಮನೆಯಲ್ಲಿ ಈಗ ಒಲೆ ನೆಟ್ಟಗೆ ಉರಿಯುತ್ತಿದೆ. ಆದರೆ ಎಲ್ಲರ ಒಲೆ ಉರಿಯಲು ನನ್ನ ಮನೆಯೇ ಸೌದೆಯಾಗಬೇಕೇ?

ಈ ಕಾಗದಕ್ಕೆ ಉತ್ತರ ಬೇಡ.

ಅನಸೂಯ


ಕೊಳ್ಳೇಗಾಲ
6-1-1965

ಯಜಮಾನರಿಗೆ ಅನಸೂಯಳ ನಮಸ್ಕಾರ.

ಉತ್ತರ ಬೇಡ ಎಂದೆ, ನೀವು ಬರೆಯಲೂ ಇಲ್ಲ. ಹೇಳಿದ ಒಂದು ಮಾತನ್ನಾದರೂ ಕೇಳಿದಿರಲ್ಲ ಎಂದು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ.

ಒಂದು ಕೆಲಸ ಮಾಡಿದ್ದೇನೆ. ಕೇಳಿ ಮಾಡಿದ್ದಲ್ಲ.

ಸದಸ್ಯೆ ಎಂದು ಸಂಘದಿಂದ ಒಂದು ಹಾಸಿನ ನೂಲು ತೆಗೆದುಕೊಂಡೆ. ನಮ್ಮ ಮಗ್ಗದ ಹಣಿಗೆಯಲ್ಲಿದ್ದ ಹಳೆಯ ತುದಿಯನ್ನು ಬಿಡಿಸಿ, ದೂಳು ಊದಿ, ಹೊಸ ಎಳೆಗಳನ್ನು ಅದಕ್ಕೆ ಕೆಚ್ಚಿದೆ. ಬೀದಿಯ ಎಲ್ಲರ ಮಗ್ಗಕ್ಕೂ ಮಾಡಿದ ಕೆಲಸ, ಆದರೂ ಮೊದಲ ಎಳೆಯನ್ನು ಎರಡು ಸಲ ಬಿಚ್ಚಿ ಕೆಚ್ಚಿದೆ. ನೀವು ನೇಯ್ದು ಬಿಟ್ಟ ಎಳೆ ಒಂದು ಬೆರಳಿನಲ್ಲಿ, ಹೊಸದು ಇನ್ನೊಂದು ಬೆರಳಿನಲ್ಲಿ. ಪ್ರತಿ ಎಳೆಗೂ ನಿಮ್ಮನ್ನು ಬೈದೆ. ಎಷ್ಟು ಸಾವಿರ ಎಳೆ ಎಂದು ನಿಮಗೇ ಗೊತ್ತು.

ಅಮಾವಾಸ್ಯೆಯ ದಿನ ಎಲ್ಲರೂ ಬಂದರು. ಎಲೆ ಹಿಡಿದು ಮಗ್ಗದ ಹತ್ತಿರ ಹೋದ ಬಿಳಿಗಿರಿ ಹಾಗೇ ನಿಂತ. ಹಸಿರು ಹಾಸು, ಇಡಲು ಜಾಗವಿಲ್ಲ. ರೇಷ್ಮೆಯ ಮೇಲೆ ಒದ್ದೆ ಎಲೆ ಯಾರು ಇಟ್ಟಾರು? ಯಾರು ನೇಯುತ್ತಾರೆ ಎಂದು ದೇವಣ್ಣ ಮಾವ ಕೇಳಿದರು. ನಾನು ಎಂದೆ. ಹೆಂಗಸು ಬಲಗಡೆ ಕೂರುವುದುಂಟೇ ಎಂದರು. ಮಗ್ಗ ಕೂರಿಸಿಕೊಂಡಿದೆ ಮಾವ, ನೀವೂ ಒಪ್ಪಿಕೊಳ್ಳಿ ಎಂದೆ. ಅಷ್ಟು ಮಾತಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಅದೇ ಹಳೆಯ ಜಗಳ, ಮೊದಲ ಎಲೆ ಯಾರಿಗೆ. ಈ ಸಲ ಬಿಳಿಗಿರಿಯವರು ಟವಲು ಕೊಡವಿಕೊಂಡು ಬಾಗಿಲಿನವರೆಗೂ ಹೋದರು. ನಾನು ಅಡ್ಡ ನಿಂತೆ. ಆಗ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ, ನೀವೂ ಕೇಳಬೇಕು.

"ಒಬ್ರು ಮನೆ ಬಿಟ್ಟು ದೂರ ಇರಾದ್ರಿಂದ ನಾವೆಲ್ಲ ಒಟ್ಗೆ ಕೂತೀವಿ ಅಂದ್ರೆ ನಾಚ್ಕೆ ಆಗ್ಬೇಕು ಕಣ್ರಪ್ಪ. ನನ್ ಕಸುಬ್ನಲ್ಲಿ ಹಳೇ ಎಳೆಗೆ ಹೊಸ್ದು ಸೇರ್ದಾಗ್ಲೇ ಮಗ್ಗ ಆಡಾದು. ಯಾರು ಕೊನೇಗೆ ಬಂದು ಸೇರ್ತಾರೋ ಅವ್ರಿಗೇ ಮೊದ್ಲು ಕೊಡಿ."

ಚಿಕ್ಕಬಸಮ್ಮ ಮೊದಲು ತಲೆಯಾಡಿಸಿದಳು. ಮೇಷ್ಟ್ರು ನಗುತ್ತಾ, ಸ್ಕೂಲಿಗೆ ಹೊಸದಾಗಿ ಸೇರಿದ ಮಗುವನ್ನು ನಾನೂ ಮುಂದೆ ಕೂರಿಸುತ್ತಿದ್ದೆ ಎಂದರು. ಕೊನೆಗೆ ಸೇರಿದವರ ಕಸುಬು ಯಾವುದೇ ಆಗಿರಲಿ, ಮುಂದಿನ ಸದಸ್ಯ ಬರುವವರೆಗೆ ಮಾತ್ರ ಆ ಎಲೆ, ಆಮೇಲೆ ಅವನೂ ಹತ್ತರಲ್ಲಿ ಒಬ್ಬ. ಸೋತವರು ಯಾರೂ ಇಲ್ಲ. ದೇವಣ್ಣ ಮಾವ ಬಹಳ ಹೊತ್ತು ಅಡಿಕೆ ಕಡಿಯುತ್ತಾ ಕೂತಿದ್ದು, ಆಗಲಿ ಎಂದರು. ಹೋಗುವಾಗ ನನ್ನ ತಲೆ ಮುಟ್ಟಿ, ಅವನಿಗೆ ನಾನು ಹಾಗೆ ಬರೆಸಬಾರದಿತ್ತು ಎಂದರು.

ಈಗ ನಿಮಗೆ ಕಾದಿರಿಸಿದ ಎಲೆ ಇಲ್ಲ. ಅದನ್ನು ಕಳೆದವಳು ನಾನೇ. ನೀವು ಬಂದು ಸೇರಿದರೆ ಕೊನೆಗೆ ಸೇರಿದವರು ನೀವೇ ಆಗುತ್ತೀರಿ, ಮೊದಲ ವೀಳ್ಯ ಕೈಗೇ ಸಿಕ್ಕುತ್ತದೆ, ಒಂದು ಅಮಾವಾಸ್ಯೆಗೋ ಎರಡಕ್ಕೋ. ತಡ ಮಾಡಬೇಡಿ, ಆದರೆ ಅದು ನಿಮಗೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಅಜ್ಜೀಪುರದ ಕಮ್ಮಾರ ಚಿನ್ನಸ್ವಾಮಿ ಸೇರುತ್ತೇನೆಂದು ಹೇಳಿ ಕಳಿಸಿದ್ದಾನೆ. ಅವನು ನಿಮ್ಮ ಹಿಂದೆ ಬಂದರೆ ಎಲೆ ಅವನ ಪಾಲು.

ನಾನು ಹಾಸಿರುವುದು ಎರಡು ಅಂಚಿನ ಸೀರೆ. ಒಬ್ಬಳೇ ನೇಯುವಂಥದ್ದು ಹಾಸಬಹುದಿತ್ತು, ಮನಸ್ಸು ಬರಲಿಲ್ಲ. ಬಲಗಡೆ ನಾನು ಕೂತಿದ್ದೇನೆ. ಎಡಗಡೆ ಸದ್ಯಕ್ಕೆ ಅತ್ತೆ. ಅವರ ಕೈಯಲ್ಲಿ ಲಾಳಿ ನಿಲ್ಲುವುದಿಲ್ಲ, ನಡುವೆ ಎದ್ದು ಎಲೆ ಜಗಿಯಲು ಹೋಗುತ್ತಾರೆ. ಅಂಚು ಗೇಣುದ್ದವೂ ಆಗಿಲ್ಲ.

ನಿಮ್ಮ
ಅನಸೂಯ


ಕಂಚಿ
22-2-1965

ಅನಸೂಯಾ,

ನಿನ್ನ ಕಾಗದ ತಲುಪಿ ತಿಂಗಳಾಯಿತು. ಇಲ್ಲಿ ಹಿಂದಿ ಬೇಡವೆಂದು ಗಲಾಟೆ, ಬಸ್ಸು ರೈಲು ಏನೂ ಸರಿಯಾಗಿ ಓಡಲಿಲ್ಲ. ಈಗ ಓಡುತ್ತಿವೆ. ಗಲಾಟೆ ಇಲ್ಲದಿದ್ದರೂ ನಾನು ತಡ ಮಾಡುತ್ತಿದ್ದೆನೇನೋ. ಮೊದಲ ದಿನ ಬಹಳ ಸಿಟ್ಟು ಬಂತು. ನನ್ನ ಮಗ್ಗ, ನನ್ನ ಜಾಗ, ನನ್ನ ಎಲೆ. ಮೂರನ್ನೂ ಒಂದೇ ಏಟಿಗೆ ತೆಗೆದುಬಿಟ್ಟೆಯಲ್ಲ ಎಂದು. ಕಾಗದವನ್ನು ಮುದುಕನಿಗೆ ಓದಿ ಹೇಳಿದೆ. ಅವನು ಕೆಮ್ಮಿ ಕೆಮ್ಮಿ, ಹಳೆಯ ತುದಿಯನ್ನು ಕತ್ತರಿಸಿ ಎಸೆದು ಹೊಸದಾಗಿ ಹಾಸಬಹುದಿತ್ತಲ್ಲಪ್ಪ, ಯಾಕೆ ಎಸೆಯಲಿಲ್ಲ ಅವಳು ಎಂದ. ಅದಾದ ಮೇಲೆ ನನಗೆ ಇಲ್ಲಿಯ ಕೆಲಸ ಕೈಗೆ ಹತ್ತಲಿಲ್ಲ.

ಬಾಡಿದ ಎಲೆಯ ವಿಷಯ ನೀನು ಹೇಳಿದ್ದು ಸರಿ. ಚಿಕ್ಕಬಸಮ್ಮನ ಮನೆಗೆ ಹೋದಾಗ ಹೊತ್ತು ಮುಳುಗಿತ್ತು. ನನ್ನ ಕೈಯಲ್ಲಿದ್ದ ಎಲೆ ಹೇಗಿತ್ತು ಎಂದು ನನಗೆ ಕಾಣಿಸಿತ್ತು. ಆದರೂ ಕೊಟ್ಟೆ. ಅವಳು ಸೆರಗೊಡ್ಡಿ ತೆಗೆದುಕೊಂಡಳು. ಅದೇ ಹೆಂಗಸು ನನಗೆ ಮೊದಲ ಎಲೆ ಇಟ್ಟಳು.

ಒಪ್ಪಿಕೊಂಡ ಹಾಸು ಮುಗಿಯಿತು. ಮುಂದಿನದಕ್ಕೆ ಒಪ್ಪಿಲ್ಲ. ಅಮಾವಾಸ್ಯೆಗೆ ಮುಂಚೆ ಬಂದು ಸೇರಿದರೆ ಎಲೆ ನನ್ನ ಕೈಗೆ ಬರುತ್ತದೆ ಎಂದು ಬರೆದಿದ್ದೀಯ. ನಾನು ಅಮಾವಾಸ್ಯೆ ಕಳೆದ ಮಾರನೇ ದಿನ ಬರುತ್ತೇನೆ. ಆ ಎಲೆ ಚಿನ್ನಸ್ವಾಮಿಗೆ ಸಿಕ್ಕಲಿ, ಅಜ್ಜೀಪುರದಿಂದ ಅಷ್ಟು ದೂರ ಬರುತ್ತಾನೆ. ಸಂಘಕ್ಕೆ ಸೇರುವುದು ನಿಧಾನವಾಗಿ ಆಗಲಿ, ನನ್ನ ಹಿಂದೆ ಇನ್ನಾರು ಸೇರಲು ನಿಂತಿದ್ದಾರೋ ನೋಡಿಕೊಂಡು ಸೇರುತ್ತೇನೆ. ಮೊದಲು ಮನೆ ಸೇರುತ್ತೇನೆ.

ಬಸ್ ಸ್ಟ್ಯಾಂಡಿಗೆ ಬರಬೇಡ. ನೀನು ಬಲಗಡೆಯೇ ಕೂತಿರು, ಏಳಬೇಡ. ಅವ್ವನನ್ನು ಎಬ್ಬಿಸಿ ಎಡಗಡೆ ನಾನು ಕೂರುತ್ತೇನೆ. ಅಲ್ಲಿಂದ ನೀನು ಹೇಗೆ ಕಾಣುತ್ತೀಯೋ ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿಲ್ಲ.

ಊಟವಾದ ಮೇಲೆ ಒಂದು ಎಲೆ ಮಡಿಸಿ ಕೊಡು. ಸುಣ್ಣ ಎಷ್ಟು ಹಚ್ಚಿದರೂ ಸರಿ.

ನಿನ್ನ
ಸಿದ್ದಯ್ಯ